ಮಳೆ ನಿಂತ ಮೇಲೆ ಕಾಲೇಜು ತೆಗೆಯೋದು ಹೇಗೆ?

ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ಒಂದು ಮಾತು ಕೇಳಿದ್ದೆ. ಬೆಂಕಿ, ಮಳೆ, ಕಾಯಿಲೆ, ಕಂಪ್ಯೂಟರ್ ವೈರಸ್ ಏನೇ ಬರಲಿ, ನಿಮ್ಮ ಕಾಲೇಜು ಅಥವಾ ವಿಶ್ವವಿದ್ಯಾಲಯ ಎಷ್ಟು ದಿನದಲ್ಲಿ ಮತ್ತೆ ಕೆಲಸ ಶುರು ಮಾಡುತ್ತದೆ ಅಂತ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ. ನಾನು 34 ವರ್ಷ ಪರೀಕ್ಷಾ ವಿಭಾಗದಲ್ಲಿ ಕೆಲಸ ಮಾಡಿದವಳು. ಎಸ್‌ಡಿಎ ಆಗಿ ಸೇರಿದೆ, ಸೂಪರಿಂಟೆಂಡೆಂಟ್ ಆಗಿ ನಿವೃತ್ತಿಯಾಗಿ ಈಗ ತುಮಕೂರಿನ ಎಸ್.ಎಸ್.ಪುರಂನಲ್ಲಿದ್ದೇನೆ. ಪತ್ರ ಬರೆದವರಲ್ಲಿ ಕೆಲವರು ಹೆಸರು ಬೇಡ ಅಂದಿದ್ದಾರೆ. ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ತಿಪಟೂರು ಕಡೆಯ ಒಂದು ಪದವಿ ಕಾಲೇಜಿನ ಪ್ರಾಂಶುಪಾಲ. ಏನಾದರೂ ಅನಾಹುತ ಆದರೆ ಕಾಲೇಜಿನ ಕೆಲಸ ಹೇಗೆ ಮುಂದುವರಿಸುತ್ತೀರಿ ಅಂತ ಒಂದು ಯೋಜನೆ ಬರೆದುಕೊಡಿ ಎಂದು ನಮ್ಮ ಆಡಳಿತ ಮಂಡಳಿ ಕೇಳಿದೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಮಾದರಿ 80 ಪುಟ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಸಾರ್, ಆ 80 ಪುಟ ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ಲಾಂಗ್ ನೋಟ್‌ಬುಕ್ ತಗೊಳ್ಳಿ. ಆಫೀಸಿನವರು, ಲೈಬ್ರರಿಯವರು, ಲ್ಯಾಬ್ ಅಟೆಂಡರ್, ರಾತ್ರಿ ವಾಚ್‌ಮನ್ ಎಲ್ಲರನ್ನೂ ಕರೆದು ಕೂರಿಸಿಕೊಳ್ಳಿ. ವಾಚ್‌ಮನ್ ಬೇಕೇ ಬೇಕು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಪುಟದಲ್ಲಿ ನಾಲ್ಕು ಕಾಲಂ ಹಾಕಿ. ಮೊದಲನೆಯದರಲ್ಲಿ ಕೆಲಸದ ಹೆಸರು. ಪಾಠ, ಹಾಲ್ ಟಿಕೆಟ್, ಇಂಟರ್ನಲ್ ಮಾರ್ಕ್ಸ್, ಸಂಬಳ, ಸ್ಕಾಲರ್‌ಶಿಪ್, ಟಿಸಿ, ಹಾಸ್ಟೆಲ್ ಊಟ, ಹೀಗೆ. ಎರಡನೆಯದರಲ್ಲಿ, ಈ ಕೆಲಸ ಎಷ್ಟು ದಿನ ನಿಂತರೂ ತಡೆದುಕೊಳ್ಳಬಹುದು ಅನ್ನೋದು. ಮೂರನೆಯದರಲ್ಲಿ, ಇದು ಯಾರಿಗೆ ಗೊತ್ತು. ನಾಲ್ಕನೆಯದರಲ್ಲಿ, ಅವರು ಬರದಿದ್ದರೆ ಯಾರು ಮಾಡುತ್ತಾರೆ.

ಎರಡನೇ ಕಾಲಂ ತುಂಬುವಾಗ ಜಗಳವೇ ಆಗುತ್ತದೆ. ಎಲ್ಲರೂ ತಮ್ಮ ಕೆಲಸ ಒಂದು ದಿನವೂ ನಿಲ್ಲೋ ಹಾಗಿಲ್ಲ ಅಂತಾರೆ. ಆಗ ಒಂದೇ ಪ್ರಶ್ನೆ ಕೇಳಿ: ಇದು ನಿಂತರೆ ಯಾವ ಹುಡುಗ, ಯಾವ ಹುಡುಗಿಯ ವರ್ಷ ಹಾಳಾಗುತ್ತದೆ? ಹಾಸ್ಟೆಲ್ ಊಟ ಒಂದು ಹೊತ್ತೂ ನಿಲ್ಲೋ ಹಾಗಿಲ್ಲ. ಪಾಠ ಎರಡು ವಾರ ನಿಂತರೆ ಭಾನುವಾರ ತಗೊಂಡು ಸರಿದೂಗಿಸಬಹುದು. ಹಾಲ್ ಟಿಕೆಟ್ ಕೆಲಸ ಪರೀಕ್ಷೆ ಇಲ್ಲದ ತಿಂಗಳಲ್ಲಿ ಮೂವತ್ತು ದಿನ ನಿಂತರೂ ಯಾರಿಗೂ ಗೊತ್ತಾಗೋದಿಲ್ಲ. ಪರೀಕ್ಷೆಯ ಹಿಂದಿನ ದಿನ ಒಂದು ಗಂಟೆ ನಿಂತರೆ ಗೇಟಿನ ಹತ್ತಿರ ಮಕ್ಕಳು ಅಳುತ್ತಾ ನಿಂತಿರುತ್ತಾರೆ. ಹಾಗಾಗಿ ದಿನದ ಲೆಕ್ಕವನ್ನು ತಿಂಗಳ ಪ್ರಕಾರ ಬರೆಯಿರಿ. ದೊಡ್ಡ ದೊಡ್ಡ ಯೋಜನೆಗಳಲ್ಲಿ ಇದೊಂದು ಬಿಟ್ಟುಹೋಗಿರೋದನ್ನು ನಾನು ಜಾಸ್ತಿ ನೋಡಿದ್ದೇನೆ.

ಇನ್ನು ವಾಚ್‌ಮನ್ ವಿಷಯ. ನಾನು ಸರ್ವೀಸಿನಲ್ಲಿದ್ದಾಗ ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಹೋದರೆ ನೆಲ ಅಂತಸ್ತಿನ ರೆಕಾರ್ಡ್ ರೂಮಿನಲ್ಲಿ ಮೊಣಕಾಲು ಮಟ್ಟ ನೀರು. ಕೆಳಗಿನ ಎರಡು ಸಾಲು ಮಾರ್ಕ್ಸ್ ಲೆಡ್ಜರ್ ನೀರಿನೊಳಗೆ. ಕರೆಂಟ್ ಇನ್ನೂ ಹರಿಯುತ್ತಿತ್ತು. ಮೇನ್ ಸ್ವಿಚ್ ಎಲ್ಲಿದೆ ಅಂತ ಅಲ್ಲಿ ನಿಂತಿದ್ದ ಹನ್ನೊಂದು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ನನಗೂ ಸೇರಿ. ಎರಡು ವರ್ಷದ ಹಿಂದೆ ರಿಟೈರ್ ಆಗಿದ್ದ ಅಟೆಂಡರ್ ಒಬ್ಬರಿಗೆ ಫೋನ್ ಮಾಡಿದೆವು. ಅವರು ಟಿವಿಎಸ್ ಮೊಪೆಡ್‌ನಲ್ಲಿ ನೆನೆದುಕೊಂಡೇ ಬಂದರು. ಹಿಂದಿನ ಮೆಟ್ಟಿಲ ಕೆಳಗಿನ ಮರದ ಬಾಗಿಲು ತೆಗೆದು ಮೇನ್ ಆಫ್ ಮಾಡಿದರು. ಆಮೇಲೆ ಒಂದು ಬೀರು ಸರಿಸಿ ಅಂದರು. ಸರಿಸಿದರೆ ಅದರ ಹಿಂದೆ ನೀರು ಹೋಗೋ ತೂಬು, ಹಳೇ ಉತ್ತರಪತ್ರಿಕೆ ಚೂರುಗಳಿಂದ ಕಟ್ಟಿಕೊಂಡಿತ್ತು. ಕೈ ಹಾಕಿ ಎಳೆದರು. ಅರ್ಧ ಗಂಟೆಯಲ್ಲಿ ನೀರು ಇಳಿಯಿತು. ಆ ತೂಬು ಯಾವ ನಕ್ಷೆಯಲ್ಲೂ ಇರಲಿಲ್ಲ. ಅವರೊಬ್ಬರ ತಲೆಯಲ್ಲಿತ್ತು. ಅವರು ಅವತ್ತು ಊರಲ್ಲಿರದಿದ್ದರೆ? ಇಂಥ ವಿಷಯ ಗೊತ್ತಿರೋದು ಅಟೆಂಡರ್, ವಾಚ್‌ಮನ್‌ಗಳಿಗೇ. ಅದಕ್ಕೇ ವಾಚ್‌ಮನ್ ಬೇಕು ಅಂದದ್ದು.

ಅದಕ್ಕೇ ಮೂರನೇ ಕಾಲಂನಲ್ಲಿ ಒಂದೇ ಹೆಸರು ಬಂದ ಕಡೆಯೆಲ್ಲ ಕೆಂಪು ಗೀಟು ಹಾಕಿ. ಆ ಕೆಂಪು ಗೀಟುಗಳೇ ನಿಮ್ಮ ಯೋಜನೆ. ಪ್ರತಿಯೊಂದಕ್ಕೂ ಇನ್ನೊಬ್ಬರಿಗೆ ಕಲಿಸಿ. ಸಹಿ ಹಾಕೋ ಅಧಿಕಾರವೂ ಹಾಗೇ. ನೀವೇ ಆಸ್ಪತ್ರೆಯಲ್ಲಿದ್ದರೆ ಚೆಕ್ಕಿಗೆ ಯಾರು ಸಹಿ ಹಾಕಬೇಕು, ವಿಶ್ವವಿದ್ಯಾಲಯಕ್ಕೆ ಯಾರು ಪತ್ರ ಬರೆಯಬೇಕು ಅಂತ ಆಡಳಿತ ಮಂಡಳಿಯ ನಡಾವಳಿಯಲ್ಲಿ ಈಗಲೇ ಬರೆಸಿ, ಬ್ಯಾಂಕಿಗೂ ಒಂದು ಪ್ರತಿ ಕೊಡಿ.

ಪಕ್ಕದ ಕಾಲೇಜಿನವರ ಜೊತೆ ಒಂದು ಒಪ್ಪಂದವೂ ಇರಲಿ. ನಿಮ್ಮ ಕಟ್ಟಡ ಹೋದರೆ ಅವರ ರೂಮು, ಅವರದು ಹೋದರೆ ನಿಮ್ಮದು. ಇದು ಬರೀ ಕಲ್ಪನೆ ಅಲ್ಲ. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ಮುಳುಗಿತು. ಅಲ್ಲಿನ ಟುಲೇನ್ ವಿಶ್ವವಿದ್ಯಾಲಯ ಆ ಇಡೀ ಸೆಮಿಸ್ಟರ್ ಮುಚ್ಚಿತ್ತು. ಮಕ್ಕಳನ್ನು ಬೇರೆ ಬೇರೆ ವಿಶ್ವವಿದ್ಯಾಲಯಗಳು ತಮ್ಮಲ್ಲಿ ಕೂರಿಸಿಕೊಂಡು ಓದಿಸಿದವು. 2006ರ ಜನವರಿಯಲ್ಲಿ ಟುಲೇನ್ ಮತ್ತೆ ಬಾಗಿಲು ತೆಗೆಯಿತು. 2011ರ ಫೆಬ್ರವರಿ 22ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪ ಆದಾಗ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದವರು ಕಾರ್ ನಿಲ್ಲಿಸೋ ಜಾಗದಲ್ಲಿ ಟೆಂಟ್ ಹಾಕಿ ಪಾಠ ಮಾಡಿದರು. ನಮ್ಮೂರುಗಳಲ್ಲಿ ಶಾಮಿಯಾನ ಹಾಕುವವರು ಎಷ್ಟು ಜನ ಇದ್ದಾರೆ ನೋಡಿ! ಅವರ ನಂಬರೂ ಆ ನೋಟ್‌ಬುಕ್ಕಿನಲ್ಲಿರಲಿ.

ಬರೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಆಡಿ ನೋಡಿ. ಆಫೀಸ್ ರೂಮಿಗೆ ಬೀಗ ಹಾಕಿಬಿಡಿ. ಕಂಪ್ಯೂಟರ್ ಇಲ್ಲ, ಬೀರು ಇಲ್ಲ, ಸೀಲು ಇಲ್ಲ. ಈಗ ಒಂದು ಟಿಸಿ ಕೊಡಿ ಅಂತ ಗುಮಾಸ್ತರಿಗೆ ಹೇಳಿ. ಎಲ್ಲಿ ಸಿಕ್ಕಿಕೊಳ್ಳುತ್ತಾರೋ ಅಲ್ಲಿ ಬರೆದುಕೊಳ್ಳಿ. ಒಂದು ಗಂಟೆ ಸಾಕು.

ಪ್ರಶ್ನೆ: ನಾನು ಕೋಲಾರದ ನಿವೃತ್ತ ಉಪನ್ಯಾಸಕ. ನಮ್ಮದು ಬಯಲುಸೀಮೆ. ಸಮುದ್ರ ಇಲ್ಲ, ವರ್ಷವಿಡೀ ಹರಿಯೋ ಹೊಳೆ ಇಲ್ಲ, ಭೂಕಂಪ ಇಲ್ಲ. ಬರ ಒಂದು ಬಿಟ್ಟರೆ ನಮಗೇನಾಗುತ್ತದೆ? ಇದೆಲ್ಲ ಸುಮ್ನೆ ಕಾಗದದ ಕೆಲಸ ಅನ್ನಿಸುವುದಿಲ್ಲವೇ?

ಉತ್ತರ: ಸಾರ್, ನಾನೂ ಇದೇ ಮಣ್ಣಿನವಳು, ನಿಮ್ಮ ಮಾತು ಅರ್ಥವಾಗುತ್ತದೆ. ಆದರೆ ಬರೀ 2020 ಮತ್ತು 2021 ಎರಡು ವರ್ಷ ನೆನಪು ಮಾಡಿಕೊಳ್ಳಿ.

2020ರ ಮಾರ್ಚ್ 25ಕ್ಕೆ ದೇಶವೇ ಬಂದ್ ಆಯಿತು. ಪರೀಕ್ಷೆ ಹೇಗೆ ಮಾಡಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಏಪ್ರಿಲ್ 29ಕ್ಕೆ ಒಂದು ಸೂಚನೆ ಕೊಟ್ಟಿತು. ಜುಲೈ 6ಕ್ಕೆ ಅದನ್ನೇ ಬದಲಾಯಿಸಿ, ಕೊನೇ ವರ್ಷದ ಪರೀಕ್ಷೆ ಸೆಪ್ಟೆಂಬರ್ ಕೊನೆಯೊಳಗೆ ಮುಗಿಸಿ ಅಂದಿತು. ಆ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ತೀರ್ಪು ಬಂದದ್ದು ಆಗಸ್ಟ್ 28ಕ್ಕೆ. ಐದು ತಿಂಗಳು ಮಕ್ಕಳು ಪರೀಕ್ಷೆ ಇದೆಯೋ ಇಲ್ಲವೋ ಅಂತ ಕಾದರು. 2021ರ ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರ. ಸರ್ಕಾರಿ ಬಸ್ ನಂಬಿಕೊಂಡ ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿ ಮಕ್ಕಳು ಕಾಲೇಜಿಗೆ ಬರೋದಾದರೂ ಹೇಗೆ? ಅದೇ ನವೆಂಬರಿನಲ್ಲಿ ಸುರಿದ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮಲಗಿತು, ಕೆರೆಗಳು ಕೋಡಿ ಹರಿದವು, ರಸ್ತೆಗಳು ಕಿತ್ತುಹೋದವು. ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರದ ಕಡೆ ನೆಲ ಎರಡು ಸಲ ನಡುಗಿತು. ರಿಕ್ಟರ್ ಮಾಪಕದಲ್ಲಿ 3ರ ಆಸುಪಾಸು. ಸಣ್ಣದೇ, ಹೌದು. ಆದರೆ ಬಯಲುಸೀಮೆಯಲ್ಲಿ ಭೂಮಿ ನಡುಗೋದೇ ಇಲ್ಲ ಅನ್ನೋ ಹಾಗಿಲ್ಲ.

ಯಾವ ಅನಾಹುತ ಬರುತ್ತದೆ ಅಂತ ಊಹಿಸೋದು ನಮ್ಮ ಕೆಲಸವೇ ಅಲ್ಲ. ಏನು ಕೈ ತಪ್ಪುತ್ತದೆ ಅಂತ ಯೋಚಿಸಿದರೆ ಸಾಕು. ಕಟ್ಟಡ ಕೈ ತಪ್ಪಬಹುದು, ಜನ ಕೈ ತಪ್ಪಬಹುದು, ಕರೆಂಟು ಮತ್ತು ಕಂಪ್ಯೂಟರ್ ಕೈ ತಪ್ಪಬಹುದು, ರಸ್ತೆ ಕೈ ತಪ್ಪಬಹುದು. ಮಳೆಯೋ ಮುಷ್ಕರವೋ ರೋಗವೋ, ಬಂದದ್ದು ಯಾವುದೇ ಆದರೂ ಈ ನಾಲ್ಕರಲ್ಲಿ ಒಂದನ್ನೋ ಎರಡನ್ನೋ ಕಿತ್ತುಕೊಳ್ಳುತ್ತದೆ.

ಪ್ರಶ್ನೆ: ನಾನು ಕೋಲಾರದ ಹತ್ತಿರದ ಕಾಲೇಜಿನಲ್ಲಿ ಗುತ್ತಿಗೆ ಕಂಪ್ಯೂಟರ್ ಆಪರೇಟರ್. ಕಾಲೇಜಿನ ಡೇಟಾ ಎಲ್ಲ ನನ್ನ ಕಂಪ್ಯೂಟರಿನಲ್ಲಿದೆ. ವಾರಕ್ಕೊಮ್ಮೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ತಗೋತೀನಿ. ಡಿಸ್ಕ್ ಯಾವಾಗಲೂ ಸಿಪಿಯುಗೆ ಸಿಕ್ಕಿಸಿಯೇ ಇರುತ್ತದೆ. ಸಾಕಲ್ವಾ?

ಉತ್ತರ: ಸಾಲದು. ವಾರ ವಾರ ತಪ್ಪದೆ ಮಾಡುತ್ತೀರಲ್ಲ, ಅದಕ್ಕೆ ನನ್ನ ಮೆಚ್ಚುಗೆ. ಆದರೆ ಸಿಕ್ಕಿಸಿಯೇ ಇರುವ ಡಿಸ್ಕ್ ಬ್ಯಾಕಪ್ ಅಲ್ಲ. ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಸುಡುತ್ತವೆ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳೋ ವೈರಸ್ ಬಂದರೆ ಎರಡಕ್ಕೂ ಬೀಗ ಬೀಳುತ್ತದೆ.

ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯಕ್ಕೆ 2019ರ ಡಿಸೆಂಬರ್ 23ರಂದು ಆದದ್ದು ಇದೇ. ಯಾರೋ ಎರಡು ತಿಂಗಳ ಹಿಂದೆ ಒಂದು ಮೋಸದ ಇಮೇಲಿನ ಲಿಂಕ್ ಒತ್ತಿದ್ದರು. ಕಳ್ಳರು ಒಳಗೆ ಬಂದು ಸದ್ದಿಲ್ಲದೆ ಕಾದು, ಕ್ರಿಸ್‌ಮಸ್ ರಜೆ ಹೊತ್ತಿಗೆ ಸರ್ವರ್‌ಗಳಿಗೆ ಬೀಗ ಹಾಕಿದರು. ಅದೇ ನೆಟ್‌ವರ್ಕಿನಲ್ಲಿದ್ದ ಕೆಲವು ಬ್ಯಾಕಪ್‌ಗಳೂ ಹೋದವು. ಕೊನೆಗೆ 30 ಬಿಟ್‌ಕಾಯಿನ್ (ಇಂಟರ್‌ನೆಟ್ಟಿನಲ್ಲಿ ಓಡಾಡೋ ಹಣ) ಕೊಟ್ಟು ಬೀಗದ ಕೈ ತಗೊಂಡರು. ಆಗಿನ ಬೆಲೆಯಲ್ಲಿ ಸುಮಾರು 2 ಲಕ್ಷ ಯೂರೋ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಕಳ್ಳರೂ ಬೇಕಾಗಲಿಲ್ಲ. 2021ರ ಡಿಸೆಂಬರಿನಲ್ಲಿ ಬ್ಯಾಕಪ್ ಪ್ರೋಗ್ರಾಮಿನಲ್ಲಿದ್ದ ತಪ್ಪಿನಿಂದಲೇ 77 ಟೆರಾಬೈಟ್ ಸಂಶೋಧನಾ ಮಾಹಿತಿ ಅಳಿಸಿಹೋಯಿತು.

ನೀವು ಮಾಡಬೇಕಾದದ್ದು ಮೂರು, ಎರಡು, ಒಂದು ಅಂತ ನೆನಪಿಟ್ಟುಕೊಳ್ಳಿ. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಬೇರೆ ಜಾಗ ಅಂದರೆ ಪಕ್ಕದ ರೂಮಲ್ಲ. ಎರಡು ಡಿಸ್ಕ್ ಇಟ್ಟುಕೊಂಡು, ಒಂದನ್ನು ಶುಕ್ರವಾರ ಸಂಜೆ ಪಾಸ್‌ವರ್ಡ್ ಹಾಕಿ, ಪ್ರಾಂಶುಪಾಲರ ಒಪ್ಪಿಗೆ ಬರೆಸಿಕೊಂಡು ಬ್ಯಾಂಕ್ ಲಾಕರಿಗೋ ಆಡಳಿತ ಮಂಡಳಿ ಆಫೀಸಿಗೋ ಕಳಿಸಿ. ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಒಂದು ಫೈಲ್ ತೆಗೆದು ನೋಡಿ. ತೆರೆದು ನೋಡದ ಬ್ಯಾಕಪ್ ಇದೆಯೋ ಇಲ್ಲವೋ ಯಾರಿಗೆ ಗೊತ್ತು?

ಅಡ್ಮಿಷನ್, ಪರೀಕ್ಷೆ ಎಲ್ಲ ರಾಜ್ಯದ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆ ಯುಯುಸಿಎಂಎಸ್‌ನಲ್ಲಿದೆಯಲ್ಲ ಅಂತ ನೀವು ಕೇಳಬಹುದು. 2021ರಿಂದ ಈಚಿನ ಮಕ್ಕಳದು ಅಲ್ಲಿದೆ, ಸರಿ. ಅದಕ್ಕೆ ಮುಂಚಿನ ಮಕ್ಕಳ ದಾಖಲೆ? ಹಾಜರಿ, ಸಂಬಳದ ಲೆಕ್ಕ, ಟಿಸಿ ರಿಜಿಸ್ಟರ್? ಪಿಎಚ್‌.ಡಿ ಮಾಡೋ ಮಕ್ಕಳಿದ್ದರೆ ಅವರನ್ನೂ ಕೇಳಿ. ಐದು ವರ್ಷದ ದುಡಿಮೆ ಒಂದೇ ಪೆನ್‌ಡ್ರೈವಿನಲ್ಲಿ, ಆ ಪೆನ್‌ಡ್ರೈವ್ ಕೀ ಬಂಚಿನಲ್ಲಿ. ನಾನು ಕಣ್ಣಾರೆ ನೋಡಿದ್ದೇನೆ, ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಇನ್ನೊಂದು ಮಾತು. 2022ರ ನವೆಂಬರ್ 23ಕ್ಕೆ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಇಂಥದೇ ದಾಳಿ ಆಯಿತು. ಸುಮಾರು ಎರಡು ವಾರ ಅವರು ಕೈಯಲ್ಲಿ ಚೀಟಿ ಬರೆದು ರೋಗಿಗಳನ್ನು ನೋಡಿದರು. ನಿಮ್ಮ ಆಫೀಸಿನಲ್ಲಿ ಕೈಯಲ್ಲಿ ಬರೆಯೋ ರಸೀದಿ ಪುಸ್ತಕ, ಖಾಲಿ ಹಾಜರಿ ಪಟ್ಟಿ, ಅಂಕಪಟ್ಟಿ ಫಾರಂ ಒಂದೊಂದು ಕಟ್ಟು ಇದೆಯಾ? ಇಲ್ಲದಿದ್ದರೆ ಈ ವಾರವೇ ಪ್ರಿಂಟ್ ತೆಗೆದಿಡಿ. ಮತ್ತೆ, ಪಾಸ್‌ವರ್ಡ್‌ಗಳು ನಿಮಗೊಬ್ಬರಿಗೇ ಗೊತ್ತಿದ್ದರೆ ಬರೆದು, ಕವರಿನಲ್ಲಿ ಹಾಕಿ, ಅಂಟಿಸಿ, ಮೇಲೆ ಸಹಿ ಮಾಡಿ ಪ್ರಾಂಶುಪಾಲರ ಬೀರುವಿನಲ್ಲಿಡಿಸಿ. ಗುತ್ತಿಗೆ ಕೆಲಸ, ನಾಳೆ ನಿಮಗೆ ಒಳ್ಳೇ ಕೆಲಸ ಸಿಕ್ಕಿ ಹೋಗುತ್ತೀರಿ. ಸಿಗಲಿ ಅಂತಲೇ ನನ್ನ ಹಾರೈಕೆ. ಆದರೆ ಕಾಲೇಜು ಅಲ್ಲೇ ಇರಬೇಕಲ್ಲ.

ಪ್ರಶ್ನೆ: ಪಾವಗಡ ತಾಲ್ಲೂಕಿನಿಂದ ಬರೆಯುತ್ತಿದ್ದೇನೆ ಅಕ್ಕಾ. ಮನೆ ಸೋರಿ ಟ್ರಂಕಿನಲ್ಲಿದ್ದ ನನ್ನ ಮಗಳ ಡಿಗ್ರಿ ಮಾರ್ಕ್ಸ್ ಕಾರ್ಡು ನೆಂದು ಅಂಟಿಕೊಂಡಿವೆ. ಅವಳು ಬಿ.ಎಡ್‌ಗೆ ಅರ್ಜಿ ಹಾಕಬೇಕು. ಎಲ್ಲಾ ಮುಗಿದೇ ಹೋಯ್ತಾ?

ಉತ್ತರ: ಏನೂ ಮುಗಿದಿಲ್ಲಮ್ಮ, ಗಾಬರಿ ಬೇಡ. ಮಾರ್ಕ್ಸ್ ಕಾರ್ಡ್ ಹೋದರೂ ಅಂಕ ಹೋಗಿಲ್ಲ. ಮೊದಲು ಮಗಳ ಮೊಬೈಲಿನಲ್ಲಿ ಡಿಜಿಲಾಕರ್ ಅನ್ನೋ ಸರ್ಕಾರಿ ಆ್ಯಪ್ ತೆಗೆದು ನೋಡಿ. ಅವಳ ವಿಶ್ವವಿದ್ಯಾಲಯ ಆ ವರ್ಷದ ಅಂಕಪಟ್ಟಿಗಳನ್ನು ಅಲ್ಲಿಗೆ ಹಾಕಿದ್ದರೆ ಅಲ್ಲೇ ಸಿಗುತ್ತದೆ, ಅದು ಮೂಲ ಪ್ರತಿಯಷ್ಟೇ ಮಾನ್ಯ. ಅಲ್ಲಿ ಇಲ್ಲದಿದ್ದರೆ ಓದಿದ ಕಾಲೇಜಿಗೆ ಹೋಗಿ. ಡೂಪ್ಲಿಕೇಟ್ ಮಾರ್ಕ್ಸ್ ಕಾರ್ಡಿಗೆ ಅರ್ಜಿ, ಶುಲ್ಕ ಎಷ್ಟು, ಅಫಿಡವಿಟ್ ಬೇಕಾ ಅಂತ ಅವರೇ ಹೇಳುತ್ತಾರೆ. ನೆಂದ ಕಾರ್ಡನ್ನು ಬಿಸಾಡಬೇಡಿ. ಬಿಡಿಸೋಕೂ ಹೋಗಬೇಡಿ. ನೆರಳಲ್ಲಿ ಆರಲು ಬಿಟ್ಟು ಅರ್ಜಿ ಜೊತೆ ತಗೊಂಡು ಹೋಗಿ. ರಿಜಿಸ್ಟರ್ ನಂಬರ್ ಕಾಣಿಸಿದರೆ ಅರ್ಧ ಕೆಲಸ ಆದ ಹಾಗೆ. ಅಷ್ಟರಲ್ಲಿ ಬಿ.ಎಡ್ ಅರ್ಜಿಯ ಕೊನೇ ದಿನ ಹತ್ತಿರ ಬಂದರೆ, ಪ್ರಾಂಶುಪಾಲರಿಂದ ಲೆಟರ್‌ಹೆಡ್‌ನಲ್ಲಿ ಅಂಕಗಳನ್ನು ದೃಢೀಕರಿಸಿದ ಪತ್ರ ಕೇಳಿ, ಅದನ್ನು ಒಪ್ಪುತ್ತಾರಾ ಅಂತ ಬಿ.ಎಡ್ ಕಾಲೇಜಿನಲ್ಲಿ ವಿಚಾರಿಸಿ.

ಪ್ರಶ್ನೆ: ನಾನು ತುಮಕೂರಿನ ಒಂದು ಮಹಿಳಾ ಹಾಸ್ಟೆಲಿನ ವಾರ್ಡನ್. 180 ಹುಡುಗಿಯರಿದ್ದಾರೆ. ಕಾಲೇಜು ಮುಚ್ಚಿದರೆ ಎಲ್ಲರೂ ಮನೆಗೆ ಹೋಗುತ್ತಾರೆ, ನಮಗೆ ಬೇರೆ ಯೋಜನೆ ಯಾಕೆ ಅನ್ನುತ್ತಾರೆ ನಮ್ಮ ಆಫೀಸಿನಲ್ಲಿ.

ಉತ್ತರ: ಎಲ್ಲರೂ ಹೋಗುವುದಿಲ್ಲ ಮೇಡಂ, ನಿಮಗೇ ಗೊತ್ತು. ರಾಯಚೂರು, ಬೀದರ್ ಕಡೆಯವರಿಗೆ ಒಂದು ರಾತ್ರಿ ಪ್ರಯಾಣ. ಮನೆಗೆ ಹೋದರೆ ಮತ್ತೆ ಕಳಿಸುತ್ತಾರೋ ಇಲ್ಲವೋ ಅಂತ ಹೆದರಿ ಉಳಿಯುವ ಹುಡುಗಿಯರೂ ಇರುತ್ತಾರೆ. ಕೆಲವರಿಗೆ ಹಾಸ್ಟೆಲೇ ಮನೆ. ಹಾಗಾಗಿ ಮೊದಲು ಒಂದು ಪಟ್ಟಿ ಮಾಡಿ: ಮೂರು ಗಂಟೆಯೊಳಗೆ ಮನೆ ಸೇರುವವರು, ಒಂದು ದಿನ ಬೇಕಾದವರು, ಹೋಗಲಾರದವರು. ಮೂರನೇ ಗುಂಪಿನ ಹೆಸರುಗಳು ನಿಮ್ಮ ಹತ್ತಿರ ಮಾತ್ರ ಇರಲಿ.

ನೀರಿನ ಲೆಕ್ಕ ಹಾಕಿ. ತುಮಕೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಿಂದ ಬರಬೇಕು. ಕರೆಂಟ್ ಹೋದರೆ ಆ ಪಂಪೂ ನಿಲ್ಲುತ್ತದೆ, ನಿಮ್ಮ ಬೋರ್‌ವೆಲ್ ಮೋಟಾರೂ ನಿಲ್ಲುತ್ತದೆ. ಕುಡಿಯೋಕೆ, ಅಡುಗೆಗೆ ಅಂತ ತಲೆಗೆ ದಿನಕ್ಕೆ ಐದು ಲೀಟರ್ ಇಟ್ಟುಕೊಂಡರೂ 180 ಜನಕ್ಕೆ 900 ಲೀಟರ್ ಆಯಿತು. ಮೂರು ದಿನಕ್ಕೆ 2700. ನಿಮ್ಮ ಓವರ್‌ಹೆಡ್ ಟ್ಯಾಂಕ್ ಎಷ್ಟು ಹಿಡಿಯುತ್ತದೆ? ಸಂಜೆ ಹೊತ್ತಿಗೆ ಅದರಲ್ಲಿ ಎಷ್ಟು ಉಳಿದಿರುತ್ತದೆ? ಹೋಗಿ ಹತ್ತಿ ನೋಡಿಸಿ. ಸಿಲಿಂಡರ್, ಅಕ್ಕಿ, ಬೇಳೆ ಮೂರು ದಿನಕ್ಕೆ ಯಾವಾಗಲೂ ಮಿಕ್ಕಿರಲಿ. ಜನರೇಟರ್ ಇದ್ದರೆ ಡೀಸೆಲ್ ಎಷ್ಟು ಗಂಟೆಗೆ ಸಾಕು ಅಂತ ಅದರ ಮೈಮೇಲೇ ಬರೆಸಿ.

ಅಪ್ಪ ಅಮ್ಮಂದಿರ ಫೋನ್ ನಂಬರ್ ಕಾಗದದ ಮೇಲಿರಬೇಕು. ನಿಮ್ಮ ಮೊಬೈಲಿನ ಚಾರ್ಜ್ ಮುಗಿದ ಕ್ಷಣ 180 ಮನೆಗಳ ದಾರಿ ಮುಚ್ಚಿಹೋಗುತ್ತದೆ. ಎರಡು ಪ್ರತಿ ಮಾಡಿ, ಒಂದು ಗೇಟಿನಲ್ಲಿ, ಒಂದು ನಿಮ್ಮ ಬ್ಯಾಗಿನಲ್ಲಿ. ಯಾರು ಯಾವ ಮಾತ್ರೆ ತಗೊಳ್ಳುತ್ತಾರೆ ಅನ್ನೋದೂ ಅದರಲ್ಲಿರಲಿ. ಪಟ್ಟಿಯ ತಲೆಮೇಲೆ ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ಜಿಲ್ಲಾ ಕಂಟ್ರೋಲ್ ರೂಮಿಗೆ 1077. ರಾತ್ರಿ ಎರಡು ಗಂಟೆಗೆ ಯಾರಿಗೂ ನಂಬರ್ ನೆನಪಾಗುವುದಿಲ್ಲ.

ಪ್ರಶ್ನೆ: ಗೌರಿಬಿದನೂರಿನಿಂದ ಒಬ್ಬ ಅತಿಥಿ ಉಪನ್ಯಾಸಕ. ಯೋಜನೆ, ಯೋಜನೆ ಅಂತಾರೆ. ಕಾಲೇಜು ಮುಚ್ಚಿದ ದಿನ ನಮ್ಮ ಮನೆ ಒಲೆ ಆರುತ್ತದೆ. ಅದು ಯಾವ ಯೋಜನೆಯಲ್ಲಿದೆ?

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೋವಿಡ್ ಕಾಲದಲ್ಲಿ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್, ಸ್ಲೆಟ್ ಪಾಸಾದವರು ತರಕಾರಿ ಮಾರಿದ್ದು, ನರೇಗಾ ಕೆಲಸಕ್ಕೆ ಹೋದದ್ದು ನಾವೆಲ್ಲ ಕಂಡಿದ್ದೇವೆ.

ಇದು ದಯೆಯ ಮಾತಲ್ಲ, ಕೆಲಸ ನಡೆಯುವ ಮಾತು. ಎಷ್ಟೋ ಕಾಲೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಠ ಮಾಡುವವರು ನೀವೇ. ಎರಡು ತಿಂಗಳು ಸಂಬಳ ಇಲ್ಲದಿದ್ದರೆ ನೀವು ಬೇರೆ ದುಡಿಮೆ ಹುಡುಕುತ್ತೀರಿ, ಹುಡುಕಲೇಬೇಕು. ಆಮೇಲೆ ಕಾಲೇಜು ಬಾಗಿಲು ತೆಗೆದರೆ ಪಾಠ ಮಾಡೋರು ಯಾರು? ಕಟ್ಟಡ ಉಳಿದು ಮೇಷ್ಟ್ರು ಹೋದರೆ ಅದೂ ಅನಾಹುತವೇ. ಹಾಗಾಗಿ ಸಂಬಳ ಅನ್ನೋದು ಆ ನೋಟ್‌ಬುಕ್ಕಿನ ಮೊದಲ ಐದು ಸಾಲಿನೊಳಗೆ ಬರಬೇಕು. ಕಾಯಂ ನೌಕರರದು ಮಾತ್ರ ಅಲ್ಲ, ನಿಮ್ಮದೂ, ಕಸ ಗುಡಿಸುವವರದೂ. ಮುಚ್ಚಿದ ದಿನಗಳಲ್ಲಿ ಪ್ರಶ್ನೆಪತ್ರಿಕೆ ಸಿದ್ಧ ಮಾಡೋದು, ನೋಟ್ಸ್ ಬರೆಯೋದು, ಮಕ್ಕಳಿಗೆ ಫೋನ್ ಮಾಡಿ ವಿಚಾರಿಸೋದು ಎಲ್ಲ ಕೆಲಸವೇ ಅಂತ ಮೊದಲೇ ಆದೇಶ ಬರೆದಿಟ್ಟರೆ ಬಿಲ್ ಮಾಡೋಕೆ ದಾರಿ ಇರುತ್ತದೆ. ನಿಮ್ಮ ಸಂಘದವರು ಇದನ್ನು ಲಿಖಿತವಾಗಿ ಕೇಳಲಿ. ಶಾಂತವಾಗಿರುವ ಕಾಲದಲ್ಲೇ ಕೇಳಲಿ.

ಪ್ರಶ್ನೆ: ಚಿಂತಾಮಣಿಯ ಕಾಲೇಜು ಲೈಬ್ರರಿಯಲ್ಲಿ ಅಟೆಂಡರ್ ನಾನು. ನೀವು ಲೆಡ್ಜರ್ ನೆನೆದ ವಿಷಯ ಹಿಂದೊಂದು ಸಲ ಬರೆದಿದ್ದಿರಿ. ನೆಂದ ಪುಸ್ತಕ ಹೇಗೆ ಉಳಿಸಿದಿರಿ? ಹೆಜ್ಜೆ ಹೆಜ್ಜೆಯಾಗಿ ಹೇಳಿ ಮೇಡಂ.

ಉತ್ತರ: ನಾವು ಮೊದಲ ದಿನ ಮಾಡಿದ್ದೆಲ್ಲ ತಪ್ಪು. ಅದನ್ನೇ ಮೊದಲು ಹೇಳುತ್ತೇನೆ. ಲೆಡ್ಜರ್‌ಗಳನ್ನು ಎತ್ತಿ ತಂದು ಅಂಗಳದ ಬಿಸಿಲಿಗೆ ಹಾಕಿದೆವು. ಮಧ್ಯಾಹ್ನಕ್ಕೆ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಯಿತು. ಅಂಟಿಕೊಂಡ ಹಾಳೆಗಳನ್ನು ಉಗುರಿನಿಂದ ಬಿಡಿಸಲು ಹೋದೆವು, ಅಂಕಗಳ ಸಾಲೇ ಹರಿದು ಕೈಗೆ ಬಂತು. ಬಾಲ್‌ಪೆನ್ನಿನಲ್ಲಿ ಬರೆದದ್ದು ಉಳಿಯಿತು. ಇಂಕ್ ಪೆನ್ನಿನಲ್ಲಿ ಬರೆದ ಹಳೆಯ ಲೆಡ್ಜರ್‌ಗಳಲ್ಲಿ ಹಾಳೆ ತುಂಬ ತಿಳಿನೀಲಿ ಬಣ್ಣ, ಅಷ್ಟೇ. ಅದನ್ನು ನೋಡಿ ಅವತ್ತು ಅತ್ತಿದ್ದೇನೆ.

ಮೂರನೇ ದಿನ ಪುಸ್ತಕ ರಕ್ಷಣೆ ಕೆಲಸ ಬಲ್ಲವರೊಬ್ಬರು ಬಂದು ಹೇಳಿಕೊಟ್ಟರು. ಒಳಗೆ ಕಾಲಿಡುವ ಮುಂಚೆ ಮೇನ್ ಆಫ್. ಸಮಯ 48 ಗಂಟೆ ಮಾತ್ರ, ಆಮೇಲೆ ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಪುಸ್ತಕ ಮುಚ್ಚಿದ ಹಾಗೇ ಇರಲಿ. ಹಿಂಡಬಾರದು, ಒತ್ತಬಾರದು, ಬಿಡಿಸಬಾರದು. ಎರಡು ಗುಂಪು ಮಾಡಿ. ಅಂಚು ಮಾತ್ರ ತೇವ ಆದವು ಒಂದು ಕಡೆ, ಪೂರ್ತಿ ನೆಂದವು ಇನ್ನೊಂದು ಕಡೆ.

ಅಂಚು ತೇವ ಆದವನ್ನು ಮೇಜಿನ ಮೇಲೆ ಬೀಸಣಿಗೆ ಹಾಗೆ ಸ್ವಲ್ಪ ಅಗಲಿಸಿ ನಿಲ್ಲಿಸಿ. ಕಿಟಕಿ ತೆಗೆಯಿರಿ. ಫ್ಯಾನ್ ಹಾಕಿ, ಆದರೆ ಗಾಳಿ ನೇರ ಪುಸ್ತಕಕ್ಕೆ ಹೊಡೆಯಬಾರದು, ಗೋಡೆಗೆ ಹೊಡೆದು ಬರಲಿ. ಇಪ್ಪತ್ತಿಪ್ಪತ್ತು ಹಾಳೆಗೊಂದು ಅಚ್ಚಿಲ್ಲದ ಬಿಳಿ ಕಾಗದ ಇಡಿ, ಒದ್ದೆಯಾದ ಹಾಗೆ ಬದಲಾಯಿಸಿ. ನ್ಯೂಸ್‌ಪೇಪರ್ ಇಟ್ಟರೆ ಅದರ ಮಸಿ ಅಂಟುತ್ತದೆ. ಬಿಸಿಲು ಬೇಡವೇ ಬೇಡ.

ಪೂರ್ತಿ ನೆಂದವಕ್ಕೆ ಫ್ರೀಜರ್ ಬೇಕು. ಹೌದು, ಐಸ್‌ಕ್ರೀಮ್ ಇಡ್ತಾರಲ್ಲ, ಅದೇ. ಒಂದೊಂದನ್ನೂ ಬೆಣ್ಣೆ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಕ್ರೇಟಿನಲ್ಲಿ ಬೆನ್ನು ಕೆಳಗೆ ಮಾಡಿ ಜೋಡಿಸಿ ಒಳಗಿಡಿ. ಗಡ್ಡೆ ಕಟ್ಟಿದ ಮೇಲೆ ಬೂಷ್ಟು ಬೆಳೆಯೋದಿಲ್ಲ, ಬಣ್ಣ ಹರಡೋದಿಲ್ಲ. ಆಮೇಲೆ ನಾಲ್ಕು ನಾಲ್ಕಾಗಿ ತೆಗೆದು ನಿಧಾನವಾಗಿ ಒಣಗಿಸಬಹುದು. ನುಣುಪು ಕಾಗದದ ಪುಸ್ತಕಗಳನ್ನಂತೂ ತಕ್ಷಣ ಫ್ರೀಜರಿಗೆ ಹಾಕಿ, ಹಾಗೇ ಒಣಗಲು ಬಿಟ್ಟರೆ ಇಟ್ಟಿಗೆಯಾಗುತ್ತವೆ. ಫ್ರೀಜರ್ ಸಿಗದಿದ್ದರೆ ನಮ್ಮ ಕಡೆ ಹುಣಸೆಹಣ್ಣು ಇಡುವ ಕೋಲ್ಡ್ ಸ್ಟೋರೇಜ್ ಇದೆಯಲ್ಲ, ಅದೂ ಆದೀತು. ತಣ್ಣಗಿದ್ದರೆ ಬೂಷ್ಟು ಪೂರ್ತಿ ನಿಲ್ಲದಿದ್ದರೂ ತಡವಾಗುತ್ತದೆ, ನಿಮಗೆ ಒಂದೆರಡು ದಿನ ಸಿಗುತ್ತದೆ. ಬೂಷ್ಟು ಹಿಡಿದವನ್ನು ಮುಟ್ಟುವಾಗ ಮಾಸ್ಕು, ಗ್ಲೌಸು ಬೇಕು. ಉಬ್ಬಸ ಇರುವವರು ಹತ್ತಿರ ಬರಬಾರದು.

2021ರ ಏಪ್ರಿಲ್ 18ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ವಿಶ್ವವಿದ್ಯಾಲಯದ ಜ್ಯಾಗರ್ ಲೈಬ್ರರಿಗೆ ಬೆಟ್ಟದ ಕಾಡ್ಗಿಚ್ಚು ತಗುಲಿ ಓದುವ ಕೋಣೆ ಸುಟ್ಟುಹೋಯಿತು. ಬೆಂಕಿ ತಡೆಯೋ ಶಟರ್‌ಗಳು ಇಳಿದದ್ದರಿಂದ ಉಳಿದ ಕಡೆಗೆ ಹರಡಲಿಲ್ಲ. ಆದರೆ ಆರಿಸಲು ಹಾಕಿದ ನೀರು ನೆಲಮಾಳಿಗೆಗೆ ಇಳಿದಿತ್ತು. ಸ್ವಯಂಸೇವಕರು ಸಾಲಾಗಿ ನಿಂತು ಕ್ರೇಟುಗಳನ್ನು ಕೈಯಿಂದ ಕೈಗೆ ದಾಟಿಸಿದರು. ನಿಮ್ಮಲ್ಲೂ ಟೊಮೆಟೊ ಮಂಡಿಯ ಕ್ರೇಟುಗಳಿವೆ, ಎನ್ನೆಸ್ಸೆಸ್ ಮಕ್ಕಳಿದ್ದಾರೆ.

ನಮ್ಮ ಲೆಡ್ಜರಿನ ಅಂಕಗಳು ಕೊನೆಗೆ ಸಿಕ್ಕಿದ್ದು ಹೇಗೆ ಗೊತ್ತಾ? ಪ್ರತಿ ಕಾಲೇಜಿಗೂ ಅಂಕಪಟ್ಟಿಯ ಒಂದು ಪ್ರತಿ ಹೋಗಿತ್ತು. ಎಷ್ಟೋ ಕಡೆ ಅದನ್ನು ಗೆದ್ದಲು ತಿಂದಿತ್ತು. ಒಂದು ದೂರದ ತಾಲ್ಲೂಕಿನ ಗುಮಾಸ್ತರು ಮಾತ್ರ ಹದಿನೆಂಟು ವರ್ಷದ ಪ್ರತಿಗಳನ್ನು ಬೇವಿನ ಸೊಪ್ಪು ಹಾಕಿ ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದರು. ಹಾಗೆ ಇಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಪ್ರಶ್ನೆ: ಗುಡಿಬಂಡೆ ಹತ್ತಿರದ ಹಳ್ಳಿಯವಳು, ಬಿ.ಎ ಎರಡನೇ ವರ್ಷ. 2020ರಲ್ಲಿ ನಮ್ಮಣ್ಣ ಆನ್‌ಲೈನ್ ಪಾಠ ಕೇಳೋಕೆ, ಸಿಗ್ನಲ್ ಸಿಗಲಿ ಅಂತ ದಿನಾ ಬಂಡೆ ಹತ್ತುತ್ತಿದ್ದ. ಮಳೆ ಬಂದ ದಿನ ಪಾಠ ಇಲ್ಲ. ಮತ್ತೆ ಅಂಥ ಕಾಲ ಬಂದರೆ ನನಗೂ ಅದೇ ಗತಿಯಾ?

ಉತ್ತರ: ಹಾಗಾಗಬಾರದು ಮಗಳೇ. ಆನ್‌ಲೈನ್ ಪಾಠ ಅಂದುಬಿಟ್ಟರೆ ಯೋಜನೆ ಆಯಿತು ಅಂದುಕೊಳ್ಳುವವರಿಗೆ ನಿನ್ನ ಪತ್ರ ತೋರಿಸಬೇಕು.

ಅಡ್ಮಿಷನ್ ಫಾರಂನಲ್ಲೇ ಮೂರು ಪ್ರಶ್ನೆ ಸೇರಿಸಬಹುದು: ಮನೆಯಲ್ಲಿ ಫೋನ್ ಇದೆಯಾ, ಅದು ನಿನ್ನ ಕೈಗೆ ಎಷ್ಟು ಹೊತ್ತು ಸಿಗುತ್ತದೆ, ಸಿಗ್ನಲ್ ಬರುತ್ತದಾ? ಎರಡನೇ ಪ್ರಶ್ನೆ ಹುಡುಗಿಯರಿಗೆ ತುಂಬ ಮುಖ್ಯ. ಸಿಗ್ನಲ್ ಇಲ್ಲದವರ ಪಟ್ಟಿ ಕಾಲೇಜಿನಲ್ಲಿ ಮೊದಲೇ ಇದ್ದರೆ, ಅವರಿಗೆ ನೋಟ್ಸ್ ಪ್ರಿಂಟ್ ಹಾಕಿಸಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ (ಲೈಬ್ರರಿಗೆ) ವಾರಕ್ಕೊಮ್ಮೆ ಕಳಿಸಬಹುದು. ನೇರ ವಿಡಿಯೋ ಪಾಠದ ಬದಲು ಹದಿನೈದು ನಿಮಿಷದ ಆಡಿಯೋ ಮಾಡಿದರೆ ಸಿಗ್ನಲ್ ಸಿಕ್ಕಾಗ ಇಳಿಸಿಕೊಂಡು ಎಷ್ಟು ಸಲ ಬೇಕಾದರೂ ಕೇಳಬಹುದು.

ನೀನು ಒಂದು ಕೆಲಸ ಮಾಡು. ನಿನ್ನ ಕ್ಲಾಸಿನಲ್ಲಿ ನಿನ್ನ ಹಾಗೆ ಸಿಗ್ನಲ್ ಇಲ್ಲದ ಊರಿನವರು ಎಷ್ಟು ಜನ ಅಂತ ಎಣಿಸು. ಊರಿನ ಹೆಸರು ಸಮೇತ ಒಂದು ಹಾಳೆಯಲ್ಲಿ ಬರೆದು, ಎಲ್ಲರ ಸಹಿ ಹಾಕಿಸಿ, ಪ್ರಾಂಶುಪಾಲರಿಗೆ ಕೊಟ್ಟು ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೋ. ಅವರು ಏನು ಹೇಳಿದರು ಅಂತ ನನಗೆ ಬರೆ. ಮುಂದಿನ ಪತ್ರ ಅವರಿಗೆ ನಾನೇ ಬರೆಯುತ್ತೇನೆ.